ಹಲ್ಲು ಎಣಿಸದ ದಲ್ಲಾಳಿ

ದನದ ಸಂತೆಯ ದಲ್ಲಾಳಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಮುಂಚೆ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಕೊಡುವವನ ಹತ್ತಿರವೂ ಕೊಳ್ಳುವವನ ಹತ್ತಿರವೂ ಕಮಿಷನ್ ತಿನ್ನುತ್ತಾನೆ, ನಿಜ. ಆದರೆ ಎತ್ತನ್ನು ಮುಟ್ಟದೆ ತಿನ್ನುವುದಿಲ್ಲ. ಮುಟ್ಟದೆ ತಿನ್ನುವ ದಲ್ಲಾಳಿಯನ್ನು ನಾನು ಕಂಡದ್ದು ಮೊಬೈಲಿನಲ್ಲಿ.

ಹೋದ ಮಳೆಗಾಲ ಸಾಸ್ವೆಹಳ್ಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಹುಲ್ಲು ಹೊಡೆಯುವ ಮಷೀನು ಬೇಕಾಗಿ ಮೊಬೈಲಿನಲ್ಲಿ ಹುಡುಕಿದೆ. ‘ರೈತರಿಗೆ ಟಾಪ್ 10 ಬ್ರಷ್ ಕಟರ್‌ಗಳು’ ಎಂಬ ಕನ್ನಡ ಪುಟ ಸಿಕ್ಕಿತು. ಹತ್ತಕ್ಕೆ ಹತ್ತೂ ‘ಅತ್ಯುತ್ತಮ’. ಒಂದು ಮಷೀನು ‘ನಿಮ್ಮ ಮನೆಯ ಹುಲ್ಲುಹಾಸಿನ ಅಂದ ಹೆಚ್ಚಿಸುತ್ತದೆ’ ಎಂದಿತ್ತು. ಹೊನ್ನಾಳಿ ತಾಲ್ಲೂಕಿನಲ್ಲಿ ಹುಲ್ಲುಹಾಸಿನ ಅಂದ ನೋಡುವ ರೈತ ಯಾರು ಸ್ವಾಮಿ? ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು ಎಂಬ ಮಾತೇ ಇರಲಿಲ್ಲ. ಬ್ಲೇಡ್ ತಾಗಿದರೆ ಡ್ರಿಪ್ ಪೈಪ್ ತುಂಡಾಗುತ್ತದೆ, ಸಸಿಯ ಬುಡದ ಹತ್ತಿರ ನೈಲಾನ್ ದಾರವೇ ವಾಸಿ ಎಂಬುದೂ ಇಲ್ಲ. ಚನ್ನಗಿರಿಯ ಅಡಿಕೆ ತೋಟಕ್ಕೂ ಜಗಳೂರಿನ ಮೆಕ್ಕೆಜೋಳದ ಹೊಲಕ್ಕೂ ಅದೇ ಶಿಫಾರಸು. ಪ್ರತಿ ಮಷೀನಿನ ಕೆಳಗೆ ಮಾತ್ರ ಕೇಸರಿ ಬಣ್ಣದ ಗುಂಡಿ: ‘ಈಗಲೇ ಖರೀದಿಸಿ’.

ಆ ಗುಂಡಿಯೇ ಅಫಿಲಿಯೇಟ್ ಲಿಂಕು. ಅದನ್ನು ಒತ್ತಿ ಹೋದವರು ಕೊಂಡರೆ ಪುಟದವನಿಗೆ ಕಮಿಷನ್. ಅಮೆಜಾನ್ 1996ರಲ್ಲೇ ಅಮೆರಿಕದಲ್ಲಿ ಶುರುಮಾಡಿದ ಏರ್ಪಾಡು ಇದು. ಅದರ ಭಾರತದ ಅಂಗಡಿ ತೆರೆದದ್ದು 2013ರಲ್ಲಿ. ಹನ್ನೆರಡು ಸಾವಿರದ ಮಷೀನಿಗೆ ನೂರಕ್ಕೆ ಐದು ಎಂದು ಹಿಡಿದರೂ ಆರುನೂರು ರೂಪಾಯಿ. ಅಂಗಡಿ ಬಾಡಿಗೆಯಿಲ್ಲ, ಬಂಡವಾಳವಿಲ್ಲ, ಸರಕು ಹೊರುವ ಕೆಲಸವಿಲ್ಲ. ಡಿಗ್ರಿ ಮುಗಿಸಿ ಊರಲ್ಲೇ ಉಳಿದ ಹುಡುಗಿಯೊಬ್ಬಳು ಹೀಗೆ ನಾಲ್ಕು ಕಾಸು ದುಡಿದರೆ ನನಗೆ ಸಂತೋಷವೇ. ಕಮಿಷನ್ ಎಂದಾಕ್ಷಣ ಮೂಗು ಮುರಿಯುವವನಲ್ಲ ನಾನು.

ನನ್ನ ತಕರಾರು ಬೇರೆ. ಅಮೆಜಾನಿನ ಕರಾರಿನಲ್ಲಿ ಲಿಂಕಿನ ಆಯುಷ್ಯ 24 ಗಂಟೆ: ಒತ್ತಿದ ಮೇಲೆ ಅಷ್ಟರೊಳಗೆ ಕೊಂಡರಷ್ಟೇ ಕಮಿಷನ್. ಅಷ್ಟರೊಳಗೆ ಕಾರ್ಟಿಗೆ ಹಾಕಿಟ್ಟ ವಸ್ತುವಿಗೆ ಮಾತ್ರ ಇನ್ನಷ್ಟು ದಿನ. ನಮ್ಮ ರೈತ ಕೊಳ್ಳುವುದು ಹಾಗಲ್ಲ. ಪಕ್ಕದ ತೋಟದವನ ಮಷೀನು ಒಂದು ದಿನ ಬೆನ್ನಿಗೆ ಹಾಕಿ ನೋಡುತ್ತಾನೆ, ರಿಪೇರಿಯವನನ್ನು ಕೇಳುತ್ತಾನೆ, ಅಡಿಕೆ ದುಡ್ಡು ಕೈಗೆ ಬರಲಿ ಎಂದು ಕಾಯುತ್ತಾನೆ. ಈ ನಿಧಾನವೇ ಅವನ ರಕ್ಷಣೆ. ಲಿಂಕಿನವನಿಗೆ ಅದೇ ನಷ್ಟ. ಅದಕ್ಕೇ ಆ ಪುಟಗಳಲ್ಲಿ ಅಷ್ಟು ಅವಸರ. ‘ಇದು ನಿಮಗೆ ಬೇಡ’ ಎಂಬ ವಾಕ್ಯ ಹುಡುಕಿದರೂ ಸಿಗದು. ಬೇಡ ಎನ್ನಲಾರದವನು ಬರೆದದ್ದು ವಿಮರ್ಶೆ ಹೇಗಾದೀತು?

ಇನ್ನು ಮುಚ್ಚಿಡುವ ಮಾತು. ಮಂಡಿಗಳ ಬಿಳಿ ಚೀಟಿ ದಂಧೆ ನಮ್ಮ ಕಡೆಯವರಿಗೆ ಹೊಸದಲ್ಲ: ರೈತನಿಂದ ಕಮಿಷನ್ ಹಿಡಿಯುವಂತಿಲ್ಲ ಎಂದು ಕಾನೂನು ಹೇಳಿದರೂ ಲೆಕ್ಕಕ್ಕೆ ಬಾರದ ಚೀಟಿಯಲ್ಲಿ ಮುರಿದುಕೊಳ್ಳುವುದು. ನಾನು ನೋಡಿದ ಪುಟವೂ ಒಂದು ಬಗೆಯ ಬಿಳಿ ಚೀಟಿಯೇ. ತಾನು ಕಮಿಷನ್ ಪಡೆಯುತ್ತೇನೆಂಬ ಸಾಲು ಅದರಲ್ಲಿ ಇತ್ತು, ನಿಜ. ಎಲ್ಲಿ? ತೀರಾ ಅಡಿಯಲ್ಲಿ, ಸಣ್ಣಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ವಸ್ತುವನ್ನು ಹೊಗಳುವವರಿಗೂ ಮಾರುವವರಿಗೂ ಇರುವ ಹಣದ ಸಂಬಂಧವನ್ನು ಬಯಲು ಮಾಡಬೇಕು ಎನ್ನುತ್ತದೆ. ಜಾಹೀರಾತಿನ ಸ್ಪಷ್ಟೀಕರಣ ಜಾಹೀರಾತಿನ ಭಾಷೆಯಲ್ಲೇ ಇರಬೇಕು ಎಂದೂ ಹೇಳುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೂ ದಂಡವಿದೆ. ಹೊಗಳಿಕೆ ಕನ್ನಡದಲ್ಲಿ, ಕಮಿಷನ್ ಮಾತು ಇಂಗ್ಲಿಷಿನಲ್ಲಿ ಎಂಬುದು ಜಾಣತನವಲ್ಲ, ಓದುಗನಿಗೆ ಬಗೆದ ಮೋಸ.

ನಾನು ಕೊನೆಗೆ ಹೊನ್ನಾಳಿಯ ಅಂಗಡಿಯಲ್ಲೇ ಕೊಂಡೆ. ಆ ಪುಟ ಮೊದಲನೇ ಸ್ಥಾನ ಕೊಟ್ಟಿದ್ದ ಮಷೀನಿನ ಹೆಸರು ಹೇಳಿದಾಗ ರಿಪೇರಿಯವನು ತಲೆ ಎತ್ತದೆ, “ಅದ್ರ ಕಾರ್ಬೋರೇಟರ್ ಹೋದ್ರೆ ಇಲ್ಲೆಲ್ಲೂ ಸಿಗಲ್ಲ ಬಿಡಿ ಅಣ್ಣ” ಅಂದ. ಹತ್ತು ಮಷೀನುಗಳ ಆ ಉದ್ದನೆಯ ಪುಟದಲ್ಲಿ ಇಲ್ಲದ ವಿಮರ್ಶೆ ಆ ಒಂದು ಮಾತಿನಲ್ಲಿತ್ತು. ಅವನಿಗೆ ಅದರಿಂದ ಕಮಿಷನ್ನೂ ಇಲ್ಲ.

ಒಂದು ಮಳೆಗಾಲ ಪೂರ್ತಿ ಮಷೀನು ಹೊತ್ತು ದುಡಿದವರು, ಅದರ ಬೆನ್ನುನೋವನ್ನೂ ಸೇರಿಸಿ ಕನ್ನಡದಲ್ಲಿ ಬರೆಯಲಿ. ಇದು ಬೇಡ, ಇದಾದರೆ ಸರಿ, ನೀವು ಕೊಂಡರೆ ನನಗಿಷ್ಟು ಸಿಗುತ್ತದೆ ಎಂದು ಮೊದಲ ಸಾಲಿನಲ್ಲೇ ಹೇಳಲಿ. ಮುಂದಿನ ಸಲ ಅಡಿಕೆ ಕೊಯ್ಯುವ ದೋಟಿ ಕೊಳ್ಳುವುದಿದೆ. ಅಂಥವರ ಲಿಂಕು ಸಿಕ್ಕರೆ ಅದನ್ನು ಒತ್ತಿಯೇ ಕೊಳ್ಳುತ್ತೇನೆ.