ದೇವರ ಅಸ್ತಿತ್ವ: ನಾಸ್ತಿಕ ವಾದ ಮತ್ತು ಕಡೂರು-ತರೀಕೆರೆ ಸೀಮೆಯ ಜನಪದ ಪರೀಕ್ಷೆ

ದೇವರ ಅಸ್ತಿತ್ವವನ್ನು ತರ್ಕದಿಂದ ಸ್ಥಾಪಿಸುವ ಮತ್ತು ತರ್ಕದಿಂದಲೇ ನಿರಾಕರಿಸುವ ಪ್ರಯತ್ನಗಳನ್ನು ಕನ್ನಡ ವಿಮರ್ಶೆ ಬಹುಮಟ್ಟಿಗೆ ತತ್ತ್ವಶಾಸ್ತ್ರದ ಪಾಲಿಗೆ ಬಿಟ್ಟಿದೆ. ಎ.ಎನ್. ಮೂರ್ತಿರಾಯರ ‘ದೇವರು’ (1991) ಇದಕ್ಕೆ ದೊಡ್ಡ ಅಪವಾದ. ಲಲಿತ ಪ್ರಬಂಧಕಾರರೆಂದು ಹೆಸರಾದ ಲೇಖಕರು ತೊಂಬತ್ತರ ವಯಸ್ಸಿನಲ್ಲಿ ಬರೆದ ಈ ನಾಸ್ತಿಕ ಕೃತಿಗೆ ಪಂಪ ಪ್ರಶಸ್ತಿ ಸಂದಿತು. ಅದು ನಮ್ಮ ಸಾಂಸ್ಕೃತಿಕ ಬದುಕಿನ ಔದಾರ್ಯವನ್ನು ತೋರುವ ಸಂಗತಿ. ಸರ್ವಶಕ್ತನೂ ಕರುಣಾಮಯಿಯೂ ಆದ ದೇವರೊಬ್ಬನಿದ್ದರೆ ಲೋಕದಲ್ಲಿ ಇಷ್ಟೊಂದು ನೋವು ಏಕೆ ಎಂಬ ಪ್ರಶ್ನೆ ಆ ಬಗೆಯ ಚಿಂತನೆಯ ಬೆನ್ನೆಲುಬು. ಈ ಲೇಖಕನೂ ದೇವರನ್ನು ನಂಬುವವನಲ್ಲ; ಆ ವಾದಕ್ಕೆ ಆಸ್ತಿಕರಿಂದ ತೃಪ್ತಿಕರ ಉತ್ತರ ಬಂದಿದೆ ಎಂದು ಅನ್ನಿಸಿಲ್ಲ. ಆದರೆ ಜಾನಪದ ಅಧ್ಯಯನದ ಕಡೆಯಿಂದ ಬೇರೊಂದು ಪ್ರಶ್ನೆ ಏಳುತ್ತದೆ. ಹೀಗೆ ನಿರಾಕೃತನಾದ ದೇವರು ಯಾವನು? ಕಡೂರು, ತರೀಕೆರೆ, ಅಜ್ಜಂಪುರಗಳ ಊರುಗಳಲ್ಲಿ ಪೂಜೆಗೊಳ್ಳುವುದು ಅದೇ ದೇವರೇ?

ಮೊದಲು ಶಿಷ್ಟ ವಾದವನ್ನೇ ಈ ನೆಲದ ಮೇಲಿಟ್ಟು ನೋಡಬಹುದು. ಮಡಕೆ ಇದ್ದಲ್ಲಿ ಕುಂಬಾರನಿರಬೇಕು, ಜಗತ್ತೂ ಒಂದು ಕಾರ್ಯ, ಆದ್ದರಿಂದ ಅದಕ್ಕೊಬ್ಬ ಕರ್ತೃ ಇರಲೇಬೇಕು ಎಂಬುದು ನೈಯಾಯಿಕರ ವಾದ; ಉದಯನನ ‘ನ್ಯಾಯಕುಸುಮಾಂಜಲಿ’ ಇದರ ಪ್ರೌಢ ರೂಪ. ಇಂಗ್ಲೆಂಡಿನ ಪೇಲಿ 1802ರಲ್ಲಿ ಗಡಿಯಾರವನ್ನು ಮುಂದಿಟ್ಟು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ತರೀಕೆರೆ ಸಮೀಪದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅದರ ಶಿಲ್ಪಗಳ ಮುಂದೆ ನಿಂತವರಿಗೆ ಇವನ್ನು ಯಾರೋ ಕಂಡರಿಸಿದರು ಎಂಬುದರಲ್ಲಿ ಸಂದೇಹ ಹುಟ್ಟುವುದಿಲ್ಲ. ಆದರೆ ಆ ನಿಶ್ಚಯ ಬಂದದ್ದು ಶಿಲ್ಪದ ಸೊಬಗಿನಿಂದ ಮಾತ್ರವಲ್ಲ. ಕಲ್ಲುಕುಟಿಗರನ್ನು ನಾವು ಬಲ್ಲೆವು, ಉಳಿಯ ಗುರುತನ್ನು ಬಲ್ಲೆವು. ರೂವಾರಿ ಮಲ್ಲಿತಮ್ಮನಂಥವರು ತಮ್ಮ ಹೆಸರನ್ನೇ ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ದೇವಾಲಯದ ಹಿಂದಿನ ಗಿರಿಶ್ರೇಣಿಯ ಬಗ್ಗೆ ಇಂಥ ಪೂರ್ವಾನುಭವ ನಮಗಿಲ್ಲ. ಬೆಟ್ಟಗಳನ್ನು ಮಾಡುವವರನ್ನು ಒಮ್ಮೆಯೂ ಕಾಣದೆ ಈ ಬೆಟ್ಟಕ್ಕೊಬ್ಬ ರೂವಾರಿಯನ್ನು ಊಹಿಸುವುದು ಉಪಮಾನವನ್ನು ಅದರ ಎಲ್ಲೆ ಮೀರಿ ಎಳೆದಂತೆ. 1779ರಲ್ಲಿ ಮರಣೋತ್ತರವಾಗಿ ಪ್ರಕಟವಾದ ಹ್ಯೂಮನ ಸಂವಾದಗಳ ಮುಖ್ಯ ಆಕ್ಷೇಪವೂ ಈ ದಿಕ್ಕಿನದೇ.

ಅಮೃತಾಪುರ ಇನ್ನೊಂದು ಕಾರಣಕ್ಕೂ ಮುಖ್ಯ. ಅಲ್ಲಿನ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ. ಆತ ಜೈನ, ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ದರ್ಶನಕ್ಕೆ ಸೇರಿದವನು. ಅದೇ ಪರಂಪರೆಯ ಜಿನಸೇನ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ, ಸಂಸ್ಕೃತ ಆದಿಪುರಾಣದೊಳಗೆ ಸೃಷ್ಟಿಕರ್ತೃವಾದವನ್ನು ಖಂಡಿಸಿದ್ದ. ಸೃಷ್ಟಿಗೆ ಮುನ್ನ ಕರ್ತೃ ಎಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ, ಕೊರತೆಯಿಲ್ಲದವನಿಗೆ ಮಾಡಬೇಕೆಂಬ ಬಯಕೆ ಏಕೆ ಎಂಬ ಜಾಡಿನ ಪ್ರಶ್ನೆಗಳವು. ನಿರೀಶ್ವರವಾದ ಪಶ್ಚಿಮದಿಂದ ಬಂದ ಸರಕು ಎಂದು ಇಂದಿಗೂ ಹೇಳುವವರು ಜಿನಸೇನನನ್ನು ಓದಿಲ್ಲವೆಂದೇ ಭಾವಿಸಬೇಕು. ಆ ದರ್ಶನದ ಕವಿ ಶಿವಾಲಯದ ಶಾಸನ ಬರೆದದ್ದು ಹೊಯ್ಸಳ ಆಸ್ಥಾನದ ಮರ್ಯಾದೆಯಿಂದಿರಬಹುದು, ವೃತ್ತಿಧರ್ಮದಿಂದಿರಬಹುದು. ಕರ್ತೃವನ್ನು ಒಪ್ಪದೆಯೂ ದೇಗುಲದ ಬಾಳಿನಲ್ಲಿ ಪಾಲುಗೊಳ್ಳುವುದು ಸಾಧ್ಯವಿತ್ತು ಎಂಬುದಂತೂ ಸ್ಪಷ್ಟ.

ಈಗ ಊರ ದೇವತೆಗಳತ್ತ ಬರೋಣ. ಅಂತರಘಟ್ಟೆಯ ದುರ್ಗಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವ ಒಕ್ಕಲು, ಅಮ್ಮ ಜಗತ್ತನ್ನು ಸೃಷ್ಟಿಸಿದಳೆಂದು ಹೋಗುವುದಿಲ್ಲ. ಅವಳು ಸರ್ವಶಕ್ತಳೆಂಬ ಪ್ರಮೇಯವೂ ಅಲ್ಲಿಲ್ಲ. ಅವಳಿಗೆ ಸೀಮೆಯುಂಟು, ಒಕ್ಕಲುಂಟು, ಮುನಿಸುಂಟು. ನೋವಿನ ಸಮಸ್ಯೆ ಇಂಥ ದೇವತೆಯನ್ನು ಮುಟ್ಟುವುದೇ ಇಲ್ಲ. ನೋವು ಅವಳ ಅಸ್ತಿತ್ವಕ್ಕೆ ಬಾಧಕವಲ್ಲ, ಅವಳು ಮುನಿದಿದ್ದಾಳೆ ಎಂಬುದಕ್ಕೆ ಸಾಕ್ಷಿ. ಮೂರ್ತಿರಾಯರು ಪ್ರತಿನಿಧಿಸುವ ವಿಚಾರಧಾರೆ ಎಷ್ಟೇ ಬಲವಾಗಿದ್ದರೂ ಅದರ ಬಾಣ ಹಾರುವುದು ಈ ಗುಡಿಯ ಮೇಲ್ಗಡೆಯಿಂದ.

ಹಾಗೆಂದು ಜನಪದರು ಪ್ರಮಾಣ ಕೇಳುವುದಿಲ್ಲವೆಂದಲ್ಲ. ‘ದೇವರಿದ್ದಾನೆಯೇ’ ಎಂದು ಕೇಳುವುದಿಲ್ಲ. ‘ದೇವರು ಏನನ್ನುತ್ತದೆ’ ಎಂದು ಕೇಳುತ್ತಾರೆ. ಹೂವಿನ ಅಪ್ಪಣೆ ಇದಕ್ಕೆ ಸ್ಪಷ್ಟ ನಿದರ್ಶನ. ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಕೂಡದು. ಹೆಣ್ಣು ತರುವುದು, ಬಾವಿ ತೋಡಿಸುವುದು, ಕಾಯಿಲೆಗೆ ಕಾರಣ ತಿಳಿಯುವುದು ಎಲ್ಲಕ್ಕೂ ಇದೇ ಕ್ರಮ. ರೂಪದಲ್ಲಿ ಇದು ಪ್ರಯೋಗವೇ: ಪ್ರಶ್ನೆ ಮೊದಲೇ ನಿಶ್ಚಿತ, ಉತ್ತರದ ಬಗೆಯೂ ನಿಶ್ಚಿತ, ನೋಡುವವರು ಹಲವರು. ಉದಯನನ ಅನುಮಾನಕ್ಕಿಂತ ಇದು ಅನುಭವಕ್ಕೆ ಹತ್ತಿರವಾದುದು. ಆದರೆ ಹೂ ಬೀಳದಿದ್ದರೆ ಕಾಯುತ್ತಾರೆ, ಪ್ರಶ್ನೆಯನ್ನು ಬದಲಿಸಿ ಮತ್ತೆ ಕೇಳುತ್ತಾರೆ. ಬಿದ್ದ ಅಪ್ಪಣೆ ಫಲಿಸದಿದ್ದರೆ ಅಪ್ಪಣೆ ತಪ್ಪಾಯಿತು ಎನ್ನುವುದಿಲ್ಲ. ಮೈಲಿಗೆ ಆಗಿರಬೇಕು, ಹಳೆಯ ಹರಕೆ ಉಳಿದಿರಬೇಕು ಎನ್ನುತ್ತಾರೆ. ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕವೂ ಈ ಜಾತಿಗೇ ಸೇರಿದ್ದು. ದಸರೆಯ ಸಂದರ್ಭದಲ್ಲಿ ನುಡಿಯುವ ಆ ಗೂಢ ವಾಕ್ಯದಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲಕ್ಕೂ ಎಡೆಯಿದೆ. ಮಳೆಗಾಗಿ ಸದಾ ಮುಗಿಲು ನೋಡುವ ಕಡೂರು ಬಯಲಿಗೆ ಅದು ಎಷ್ಟು ಮುಖ್ಯವೆಂಬುದನ್ನು ಹೊರಗಿನವರು ಲಘುವಾಗಿ ಕಾಣಬಾರದು. ಆದರೂ ವರ್ಷ ಕಳೆದ ಮೇಲೆ ಅರ್ಥ ಹೊಂದಿಸಿಕೊಳ್ಳುವ ಮಾತು ಸುಳ್ಳಾಗುವ ಸಂಭವವೇ ಇಲ್ಲ. ಸುಳ್ಳಾಗಲಾರದ ಮಾತು ಯಾವುದನ್ನೂ ಸಿದ್ಧಪಡಿಸುವುದಿಲ್ಲ.

ಇದು ಕೇವಲ ತರ್ಕದ ತಕರಾರಲ್ಲ. ಪರೀಕ್ಷೆಯಲ್ಲಿ ದೇವರು ಸೋಲದಂತೆ ನಿಯಮ ಕಟ್ಟಿದಾಗ ಸೋಲು ಬೇರೆ ಯಾರದಾದರೂ ತಲೆಗೆ ಬೀಳಲೇಬೇಕು. ಬಹುಪಾಲು ಅದು ಬೀಳುವುದು ಮಕ್ಕಳಾಗದ ಸೊಸೆಯ ಮೇಲೆ, ಮುಟ್ಟಿನ ನಿಯಮ ಮೀರಿದಳೆಂಬ ಆರೋಪ ಹೊತ್ತ ಹೆಂಗಸಿನ ಮೇಲೆ, ಹರಕೆ ತೀರಿಸಲು ಸಾಲ ಮಾಡಿದ ಬಡವನ ಮೇಲೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಕೇಳಿದ್ದು ಪರೀಕ್ಷೆಯ ನಿಯಮಗಳನ್ನು ಮೊದಲೇ ಒಪ್ಪಿಕೊಳ್ಳಿ ಎಂಬಷ್ಟನ್ನೇ. ಆ ಸಮಿತಿಯ ಗಮನವಿದ್ದದ್ದು ಹೆಸರಾಂತ ಬಾಬಾಗಳ ಮೇಲೆ. ಹೂವಿನ ಅಪ್ಪಣೆಯಂಥ ಸಣ್ಣ, ನಿತ್ಯದ ಪ್ರಮಾಣಗಳು ಅದರ ಕಣ್ಣಿಗೆ ಬೀಳಲಿಲ್ಲ. ರಾಜ್ಯದ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯಿದೆಯೂ ದೇಹಕ್ಕೆ ಆಗುವ ಹಿಂಸೆಯನ್ನು ತಡೆಯಬಲ್ಲದು. ಆರೋಪವನ್ನು ಭಕ್ತರ ಮೇಲೆ ಹೊರಿಸುವ ಈ ನಯವಾದ ವ್ಯವಸ್ಥೆ ಅದರ ಅಳವಿಗೆ ಮೀರಿದ್ದು.

ನಮ್ಮ ಶಿಸ್ತಿನ ಲೋಪವೂ ಇಲ್ಲಿದೆ. ಐತಿಹ್ಯ, ಸ್ಥಳಪುರಾಣ, ಹರಕೆಯ ಹಾಡುಗಳ ಸಂಗ್ರಹಗಳಲ್ಲಿ ದೇವರು ಒಲಿದ ಕತೆಗಳು ಹೇರಳ. ಅಪ್ಪಣೆ ಸಿಕ್ಕಿಯೂ ಬತ್ತಿದ ಬಾವಿ, ಹರಕೆ ಸಲ್ಲಿಸಿಯೂ ಉಳಿಯದ ಕೂಸು ಇವುಗಳ ಕತೆಯನ್ನು ಜನ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಸಂಗ್ರಹಕಾರ ಅದನ್ನು ನಿರೂಪಣೆಯಲ್ಲವೆಂದು ಬಿಟ್ಟುಬಿಡುತ್ತಾನೆ. ಮೂರು ತಾಲ್ಲೂಕುಗಳ ದೇವತೆಗಳ ಕುರಿತು ಮುಂದೆ ನಡೆಯುವ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ, ಕೇಳಿದ ಅಪ್ಪಣೆ ಯಾವುದು, ಬಂದ ಉತ್ತರ ಯಾವುದು, ಆಮೇಲೆ ನಡೆದದ್ದೇನು, ತಪ್ಪು ಯಾರ ಮೇಲೆ ಬಂತು ಎಂಬ ನಾಲ್ಕು ಪ್ರಶ್ನೆಗಳು ಇರಬೇಕು.