ಆತ್ಮಸಾಕ್ಷಿಯ ಕೈದಿ: ಒಂದು ಅಳತೆಗೋಲಿನ ವಿಮರ್ಶೆ

ಹಿಂಸೆಗೆ ಇಳಿಯದೆ, ಹಿಂಸೆಯನ್ನು ಬೋಧಿಸದೆ, ನಂಬಿಕೆ, ಅಭಿಪ್ರಾಯ, ಜನಾಂಗ, ಭಾಷೆಗಳಂಥ ಕಾರಣಕ್ಕಷ್ಟೇ ಸೆರೆಯಲ್ಲಿರುವವರನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ‘ಆತ್ಮಸಾಕ್ಷಿಯ ಕೈದಿ’ ಎಂದು ಕರೆಯುತ್ತದೆ. ಲಂಡನ್ನಿನ ವಕೀಲ ಪೀಟರ್ ಬೆನೆನ್‌ಸನ್ 1961ರ ಮೇ 28ರಂದು ‘ಅಬ್ಸರ್ವರ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಪರಿಕಲ್ಪನೆ ಬಳಕೆಗೆ ಬಂತು. ಮಾನವ ಹಕ್ಕುಗಳ ಚಳವಳಿಗೆ ಅದು ದೊಡ್ಡ ಬಲ ಕೊಟ್ಟಿದೆ. ಆದರೆ ಸೆರೆಯ ಕಾರಣವನ್ನು ಅಳೆಯಬೇಕಾದ ಕೋಲು ಎಷ್ಟೋ ಸಲ ಸೆರೆಯಾಳಿನ ಗುಣವನ್ನೇ ಅಳೆಯಲು ಹೊರಟಿದೆ.

ಅದರ ಬಲ ಇದ್ದದ್ದು ನಿಷ್ಪಕ್ಷಪಾತದ ನಿಯಮದಲ್ಲಿ. ಶೀತಲ ಸಮರದ ಆ ಕಾಲದಲ್ಲಿ ಪ್ರತಿ ಸ್ಥಳೀಯ ಗುಂಪು ಮೂವರು ಕೈದಿಗಳ ಹೊಣೆ ಹೊರಬೇಕಿತ್ತು: ಒಬ್ಬರು ಪಾಶ್ಚಾತ್ಯ ಬಣದವರು, ಒಬ್ಬರು ಕಮ್ಯುನಿಸ್ಟ್ ದೇಶದವರು, ಇನ್ನೊಬ್ಬರು ಮೂರನೇ ಜಗತ್ತಿನವರು. ಸ್ವಂತ ದೇಶದ ಪ್ರಕರಣಗಳನ್ನು ಮುಟ್ಟುವಂತಿರಲಿಲ್ಲ. ಯಾವುದೋ ಬಣದ ಪರ ವಕಾಲತ್ತು ಎಂಬ ಆರೋಪಕ್ಕೆ ಇದಕ್ಕಿಂತ ನೇರವಾದ ಉತ್ತರ ಇರಲಾರದು. 1977ರಲ್ಲಿ ಸಂಸ್ಥೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಬೆನೆನ್‌ಸನ್ ಆ ಲೇಖನದಲ್ಲಿ ಹೆಸರಿಸಿದ ಕೈದಿಗಳಲ್ಲಿ ಅಂಗೋಲದ ಕವಿ, ವೈದ್ಯ ಅಗೊಸ್ಟಿನೊ ನೆಟೊ ಒಬ್ಬರು. ಅಂಗೋಲವನ್ನು ಆಳುತ್ತಿದ್ದ ಪೋರ್ಚುಗೀಸರು ಅವರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದರು. ಮುಂದೆ ನೆಟೊ ಸಶಸ್ತ್ರ ಹೋರಾಟದ ನಾಯಕರಾದರು, 1975ರಲ್ಲಿ ದೇಶದ ಅಧ್ಯಕ್ಷರಾದರು. 1977ರ ವಿಫಲ ದಂಗೆಯ ಬಳಿಕ ಅವರ ಸರ್ಕಾರವೇ ವಿರೋಧಿಗಳನ್ನು ಸೆರೆಗೆ ತಳ್ಳಿತು, ಸಾವಿರಾರು ಜನರನ್ನು ಕೊಂದಿತು. ಹಾಗೆಂದು 1961ರ ಬೇಡಿಕೆ ತಪ್ಪಾಗುವುದಿಲ್ಲ. ಅದು ನೆಟೊ ಒಳ್ಳೆಯವರೆಂಬ ಪ್ರಮಾಣಪತ್ರವಾಗಿರಲಿಲ್ಲ. ಅವರನ್ನು ಬಂಧಿಸಿದ್ದು ಅನ್ಯಾಯ ಎಂದಷ್ಟೇ ಹೇಳಿತ್ತು.

ದಕ್ಷಿಣ ಆಫ್ರಿಕಾದ ವರ್ಣಭೇದ ವಿರೋಧಿ ನಾಯಕ ನೆಲ್ಸನ್ ಮಂಡೇಲಾ ಅವರ ಪ್ರಕರಣ ಇದಕ್ಕಿಂತ ಕಠಿಣ. 1962ರಲ್ಲಿ ಮುಷ್ಕರಕ್ಕೆ ಕರೆ ಕೊಟ್ಟದ್ದಕ್ಕೆ ಮತ್ತು ಪಾಸ್‌ಪೋರ್ಟ್ ಇಲ್ಲದೆ ದೇಶ ಬಿಟ್ಟದ್ದಕ್ಕೆ ಶಿಕ್ಷೆಯಾದಾಗ ಸಂಸ್ಥೆ ಅವರ ಕೈಹಿಡಿದಿತ್ತು. ಬಳಿಕ ‘ರಿವೋನಿಯಾ ವಿಚಾರಣೆ’ ಎಂದು ಹೆಸರಾದ ಮೊಕದ್ದಮೆಯಲ್ಲಿ ಅವರು ವಿಧ್ವಂಸಕ ಕೃತ್ಯಗಳ ಯೋಜನೆಯನ್ನು ಒಪ್ಪಿಕೊಂಡರು. ಆಗ, 1964ರಲ್ಲಿ, ಅವರ ಹೆಸರನ್ನು ಕೈಬಿಡಲಾಯಿತು. ವಿಚಾರಣೆಯ ನ್ಯಾಯ, ಜೈಲಿನ ಸ್ಥಿತಿಗಳ ಬಗ್ಗೆ ಸಂಸ್ಥೆ ದನಿ ಎತ್ತುವುದನ್ನು ಬಿಡಲಿಲ್ಲ ಎಂಬುದು ನಿಜ, ಅದು ಪ್ರಾಮಾಣಿಕವಾದ ನಡೆಯೂ ಹೌದು. ಆದರೂ ಈ ತೀರ್ಮಾನದಲ್ಲಿ ಒಂದು ಕುರುಡುತನವಿದೆ. ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದದ್ದು, ಮಂಡೇಲಾ ಅವರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸನ್ನು ಸರ್ಕಾರ ನಿಷೇಧಿಸಿದ್ದು 1960ರಲ್ಲಿ. ಶಾಂತಿಯ ದಾರಿಗಳನ್ನೆಲ್ಲ ಪ್ರಭುತ್ವವೇ ಮುಚ್ಚಿದಾಗ ಕೈದಿ ಹಿಡಿದ ದಾರಿಯನ್ನಷ್ಟೇ ತೂಗುವ ನಿಯಮವು ದಾರಿ ಮುಚ್ಚಿದವರನ್ನು ತೂಗುವುದೇ ಇಲ್ಲ. 2006ರಲ್ಲಿ ಅದೇ ಸಂಸ್ಥೆ ಮಂಡೇಲಾ ಅವರಿಗೆ ‘ಆತ್ಮಸಾಕ್ಷಿಯ ರಾಯಭಾರಿ’ ಗೌರವ ಕೊಟ್ಟಿತು.

ಹಿಂಸೆಯ ಷರತ್ತು ಹಾಗೆಯೇ ಉಳಿದರೂ, ಸ್ವಂತ ದೇಶದ ವಿಷಯ ಮುಟ್ಟಬಾರದೆಂಬ ಕಟ್ಟಳೆ ಕಾಲಕ್ರಮೇಣ ಸಡಿಲವಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಆಮ್ನೆಸ್ಟಿಯ ಭಾರತ ಘಟಕ ದೇಶದೊಳಗಿನ ಪ್ರಶ್ನೆಗಳನ್ನೇ ಕೈಗೆತ್ತಿಕೊಂಡಿತು. ಬ್ಯಾಂಕ್ ಖಾತೆಗಳು ಸ್ತಂಭನಗೊಂಡ ಮೇಲೆ 2020ರ ಸೆಪ್ಟೆಂಬರಿನಲ್ಲಿ ಕೆಲಸ ನಿಲ್ಲಿಸಿತು. ವಿದೇಶಿ ದೇಣಿಗೆಯ ಕಾನೂನು ಉಲ್ಲಂಘನೆಯಾಗಿದೆ ಎಂದು ಸರ್ಕಾರ ಹೇಳಿತು, ಇದು ಟೀಕೆಗೆ ಸಿಕ್ಕ ಶಿಕ್ಷೆ ಎಂದು ಸಂಸ್ಥೆ ಹೇಳಿತು.

ಸೆರೆಯಾಳಿನ ಗುಣವನ್ನೇ ಅಳೆಯುವ ತಪ್ಪು ಎದ್ದು ಕಂಡದ್ದು ರಷ್ಯಾದ ಪ್ರಕರಣವೊಂದರಲ್ಲಿ. 2021ರ ಜನವರಿಯಲ್ಲಿ ಸ್ವದೇಶಕ್ಕೆ ಮರಳಿದೊಡನೆ ಬಂಧಿತರಾದ ರಷ್ಯಾದ ವಿರೋಧ ಪಾಳಯದ ನಾಯಕ ಅಲೆಕ್ಸಿ ನವಾಲ್ನಿ ಅವರನ್ನು ಆತ್ಮಸಾಕ್ಷಿಯ ಕೈದಿ ಎಂದು ಘೋಷಿಸಲಾಯಿತು. ವಲಸಿಗರ ವಿರುದ್ಧ ಅವರು ಹಲವು ವರ್ಷ ಹಿಂದೆ ಆಡಿದ್ದ ಮಾತುಗಳನ್ನು ಎತ್ತಿ ತೋರಿಸಿದಾಗ, ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಮಾತುಗಳು ಖಂಡನೀಯವೇ. ಆದರೆ ಅವರ ಸೆರೆಗೆ ಕಾರಣ ಆ ಮಾತುಗಳಲ್ಲ. ರಷ್ಯಾದ ಆಡಳಿತವನ್ನು ಎದುರಿಸಿದ್ದೇ ಕಾರಣ. ಸಂಸ್ಥೆಯ ಈ ಎಡವಟ್ಟು ಆ ಆಡಳಿತದ ಕೈಗೇ ಅಸ್ತ್ರವಾಯಿತು. ಮೇ ತಿಂಗಳಲ್ಲಿ ಸಂಸ್ಥೆ ಕ್ಷಮೆ ಕೇಳಿ ಘೋಷಣೆಯನ್ನು ಮರಳಿ ಜಾರಿಗೆ ತಂದಿತು. ಹಳೆಯ ನಡತೆಯೊಂದನ್ನೇ ಮುಂದಿಟ್ಟು ಯಾರನ್ನೂ ಹೊರಗಿಡುವುದಿಲ್ಲ ಎಂದೂ ತೀರ್ಮಾನಿಸಿತು. ನೆಟೊ ಪ್ರಕರಣ ಎಂದೋ ಕಲಿಸಬಹುದಾಗಿದ್ದ ಈ ಪಾಠಕ್ಕೆ 60 ವರ್ಷ ಹಿಡಿಯಿತು. ಹಿಂಸೆಯ ಕುರಿತ ಷರತ್ತನ್ನು ಮಾತ್ರ ಆ ತಿದ್ದುಪಡಿ ಮುಟ್ಟಲಿಲ್ಲ. ಮಂಡೇಲಾ ಪ್ರಕರಣ ಎತ್ತಿದ ಪ್ರಶ್ನೆ ಆ ಷರತ್ತಿನ ಮುಂದೆ ಹಾಗೆಯೇ ಉಳಿದಿದೆ.