ಬಿದರಿಯ ಗೆರೆ, ಮಣ್ಣಿನ ಕೀರ್ತಿ

ಬಿದರಿ ಕಲೆಯನ್ನು ಪರಿಚಯಿಸುವ ಬರಹಗಳು ಸಾಮಾನ್ಯವಾಗಿ ಬೀದರ್ ಕೋಟೆಯ ಮಣ್ಣಿನಿಂದ ಆರಂಭವಾಗಿ ಅದೇ ಮಣ್ಣಿನ ಗುಣಗಾನದಲ್ಲಿ ಮುಗಿಯುತ್ತವೆ. ಬಿಸಿಲು ಮಳೆ ತಾಗದೆ ಶತಮಾನಗಳಿಂದ ಬಿದ್ದಿರುವ ಆ ಮಣ್ಣು ಬೂದು ಬಣ್ಣದ ಲೋಹವನ್ನು ಕಡುಗಪ್ಪಾಗಿಸಿ, ಅದರೊಳಗಿನ ಬೆಳ್ಳಿಯನ್ನು ಮಾತ್ರ ಮುಟ್ಟದೆ ಬಿಡುತ್ತದೆ ಎಂಬ ಸಂಗತಿ ಎಷ್ಟು ಆಕರ್ಷಕವೆಂದರೆ, ಅದಕ್ಕೆ ಮುಂಚೆ ಕಾರ್ಖಾನೆಯಲ್ಲಿ ನಡೆಯುವ ಗೀರುವ, ಕೊರೆಯುವ, ಬೆಳ್ಳಿ ಕೂರಿಸುವ, ಅರ ಹಾಕುವ ಕೆಲಸಗಳೆಲ್ಲ ಬರಿಯ ಪೂರ್ವಸಿದ್ಧತೆ ಎಂಬಂತೆ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಆದರೆ ಒಂದು ಬಿದರಿ ವಸ್ತು ಕಲೆಯಾಗುವುದೋ ಬರಿಯ ಸರಕಾಗುವುದೋ ಎಂಬುದು ತೀರ್ಮಾನವಾಗುವುದು ಮಣ್ಣು ಸೋಂಕುವುದಕ್ಕೆ ಬಹಳ ಮೊದಲು, ಗೀರುವ ಮತ್ತು ಕೊರೆಯುವ ಕೈಗಳು ಹಿಡಿಯುವ ಗತಿಯಲ್ಲಿ. ಈ ಕಲೆಯನ್ನು ಬೆಲೆಕಟ್ಟಬೇಕಾದ ಜಾಗವೂ ಅದೇ.

ಬಿದರಿಯ ಮೂಲದ್ರವ್ಯ ಸತು ಮತ್ತು ತಾಮ್ರದ ಮಿಶ್ರಲೋಹ. ಸಾಮಾನ್ಯವಾಗಿ ಹೇಳುವ ಪ್ರಮಾಣ 16 ಪಾಲು ಸತುವಿಗೆ 1 ಪಾಲು ತಾಮ್ರ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಸಣ್ಣ ಕುಲುಮೆಯೇ ಸಾಕಾಗುತ್ತದೆ. ಆದರೆ ತಣ್ಣಗಿನ ಸತು ಪೆಡಸು. ಹಿತ್ತಾಳೆ ತಾಮ್ರಗಳಂತೆ ಅದನ್ನು ಬಡಿದು ಪಾತ್ರೆಯ ಆಕಾರಕ್ಕೆ ತರಲಾಗುವುದಿಲ್ಲವಾದ್ದರಿಂದ ಬಿದರಿಯ ಪ್ರತಿ ವಸ್ತುವೂ ಎರಕದಿಂದಲೇ ಹುಟ್ಟಬೇಕು. ಹರಳೆಣ್ಣೆ ಮತ್ತು ರಾಳ ಬೆರೆಸಿ ಹದಮಾಡಿದ ಮಣ್ಣಿನ ಅಚ್ಚಿಗೆ ಲೋಹವನ್ನು ಹೊಯ್ದು, ತಣಿದ ಮೇಲೆ ಅರ ಹಾಕಿ, ಹೆರೆದು, ಮರಳುಕಾಗದದಿಂದ ನುಣುಪು ಮಾಡುತ್ತಾರೆ. ಇಲ್ಲಿಗೆ ಸಿಕ್ಕುವುದು ಯಾವ ಸೊಗಸೂ ಇಲ್ಲದ, ಬೂದು ಬಣ್ಣದ ಮಂಕು ಹೂಜಿ ಅಥವಾ ತಟ್ಟೆ.

ಮುಂದಿನ ಹಂತ ಕಾರ್ಖಾನೆಯ ಗುಟ್ಟುಗಳಲ್ಲೆಲ್ಲ ಹೆಚ್ಚು ಅರ್ಥಪೂರ್ಣವಾದದ್ದು, ಆದರೂ ಕಡಿಮೆ ಗಮನ ಪಡೆದದ್ದು. ನುಣುಪಾದ ಮೈಗೆ ಮೈಲುತುತ್ತದ ದ್ರಾವಣವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಹಚ್ಚಿದಾಗ ಅದು ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಕೊನೆಗೆ ಅರದ ಬಾಯಿಗೆ ಹೋಗಲಿರುವ ಈ ಕಪ್ಪು ಕಲಾವಿದನ ಬರೆಯುವ ಹಲಗೆ. ಉಕ್ಕಿನ ಮೊನಚು ಕಡ್ಡಿಯಿಂದ ಅದರ ಮೇಲೆ ಗೀರಿದ ಕಡೆ ಕೆಳಗಿನ ಬಿಳಿ ಲೋಹ ಹೊಳೆದು ಗೆರೆ ಕಾಣುತ್ತದೆ. ನುರಿತ ಕೆಲಸಗಾರರು ಈ ಗೆರೆಯನ್ನು ಅಚ್ಚಿನ ಹಾಳೆಯ ನೆರವಿಲ್ಲದೆ ನೇರವಾಗಿ ಕೈಯಿಂದಲೇ ಎಳೆಯುತ್ತಾರೆ. ಹೂಜಿಯ ಮೈ ಸಮತಟ್ಟಲ್ಲ. ಕತ್ತಿನಲ್ಲಿ ಕಿರಿದಾಗಿ ಹೊಟ್ಟೆಯಲ್ಲಿ ಹಿಗ್ಗಿ ಮತ್ತೆ ಬುಡದಲ್ಲಿ ಕುಗ್ಗುವ ಆ ಮೈಯ ಮೇಲೆ ಒಂದೇ ಬಳ್ಳಿ ಹಿಗ್ಗಿದ ಕಡೆ ಸಡಿಲವಾಗಿ, ಕುಗ್ಗಿದ ಕಡೆ ಬಿಗಿಯಾಗಿ ಹರಿಯಬೇಕು, ಸುತ್ತಿ ಬಂದು ಹೊರಟ ಜಾಗಕ್ಕೆ ಅನುಮಾನವಿಲ್ಲದೆ ಸೇರಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಮೊದಲೇ ಮಾಡಿಡಲು ಸಾಧ್ಯವಿಲ್ಲ. ವಸ್ತುವನ್ನು ಎಡಗೈಯಲ್ಲಿ ತಿರುಗಿಸುತ್ತ ಬಲಗೈಯಿಂದ ಗೀರುವಾಗ ಎರಡು ಕೈಗಳ ನಡುವೆ ಹುಟ್ಟುವ ಹೊಂದಾಣಿಕೆಯೇ ಆ ಲೆಕ್ಕ. ಹೀಗಾಗಿ ಬಿದರಿಯ ವಿನ್ಯಾಸವನ್ನು ಅಲಂಕಾರವೆಂದು ಕರೆಯುವುದಕ್ಕಿಂತ ರೇಖಾಚಿತ್ರವೆಂದು ಕರೆಯುವುದು ಹೆಚ್ಚು ಸರಿ.

ಆಮೇಲೆ ಉಳಿಯ ಸರದಿ. ವಸ್ತು ಅಲುಗದಂತೆ ಅದನ್ನು ಕಲ್ಲಿನ ಮೇಲೆ ಮೇಣದಿಂದ ಅಂಟಿಸಿ ನಿಲ್ಲಿಸಿಕೊಂಡು, ಬೇರೆಬೇರೆ ಬಾಯಿಯ ಚಿಕ್ಕ ಉಳಿಗಳಿಂದ ಗೆರೆಯ ಗುಂಟ ಕೊರೆಯುತ್ತ ಹೋಗುತ್ತಾರೆ. ಈ ಕೊರೆತದಲ್ಲಿ ಬಲಕ್ಕೆ ಹೆಚ್ಚಿನ ಬೆಲೆಯಿಲ್ಲ. ಸುತ್ತಿಗೆಯ ಏಟುಗಳು ಹಗುರವಾಗಿ, ಒಂದೇ ಅಂತರದಲ್ಲಿ, ನಿಲ್ಲದೆ ಬೀಳುತ್ತಿರಬೇಕು, ಉಳಿ ಆ ಏಟುಗಳ ಮೇಲೆ ಮುಂದೆ ಜಾರುತ್ತಿರಬೇಕು. ತಿರುವಿನಲ್ಲಿ ಉಳಿಯ ಓರೆ ಬದಲಾಗುತ್ತದೆಯೇ ಹೊರತು ಏಟಿನ ಲಯ ಬದಲಾಗಬಾರದು. ಬದಲಾದರೆ ಅಲ್ಲೊಂದು ಸಣ್ಣ ಮೆಟ್ಟಿಲು ಮೂಡಿ, ಮುಂದೆ ಬೆಳ್ಳಿ ಕೂತ ಮೇಲೆ ಬಳ್ಳಿಯ ಬಾಗು ಮುರಿದ ಕಡ್ಡಿಯಂತೆ ಕಾಣುತ್ತದೆ. ಕೊರೆದ ಕಾಲುವೆಯ ಬಾಯಿಗಿಂತ ತಳ ತುಸು ಅಗಲವಾಗಿರುವುದು ಇನ್ನೊಂದು ಸೂಕ್ಷ್ಮ. ಬೆಸುಗೆಯಾಗಲಿ ಅಂಟಾಗಲಿ ಇಲ್ಲದೆ ಬೆಳ್ಳಿ ತಲೆಮಾರುಗಟ್ಟಲೆ ಕಚ್ಚಿಕೊಂಡಿರುವುದು ಈ ಒಳಸರಿದ ಗೋಡೆಗಳಿಂದಾಗಿಯೇ. ಕಾಲುವೆ ಆಳ ಸಾಲದಿದ್ದರೆ ಅರ ಹಾಕುವಾಗ ತಂತಿ ಎದ್ದು ಬರುತ್ತದೆ, ಆಳ ಮಿತಿಮೀರಿದರೆ ತಂತಿ ಒಳಗೆ ಮುಳುಗಿ ಅದರ ಅಂಚಿನಲ್ಲಿ ಕರಿಯ ಸಂದು ಉಳಿಯುತ್ತದೆ. ಕೊರೆಯುವಾತನ ತಪ್ಪು ಕೂರಿಸುವಾತನ ಕೈಗೆ ಹೋಗುವವರೆಗೆ, ಕೆಲವೊಮ್ಮೆ ಅದನ್ನೂ ದಾಟಿ ಕೊನೆಯವರೆಗೆ, ಮರೆಯಲ್ಲೇ ಇರುತ್ತದೆ.

ಬೆಳ್ಳಿ ಕೂರಿಸುವ ವಿಧಾನಗಳಿಗೆ ಕಾರ್ಖಾನೆಗಳಲ್ಲಿ ಫಾರಸಿ ಮೂಲದ ಹೆಸರುಗಳಿವೆ. ತೂತುಗಳಿರುವ ಉಕ್ಕಿನ ಪಟ್ಟಿಯ ಮೂಲಕ ಎಳೆದು ಸಣ್ಣಗಾಗಿಸಿದ ತಂತಿಯನ್ನು ಕೂರಿಸುವುದು ತಾರ್‌ಕಶಿ. ಹೂವಿನ ಎಸಳಿನ ಆಕಾರಕ್ಕೆ ಕತ್ತರಿಸಿದ ತಗಡನ್ನು ಆಳವಾಗಿ ಕೊರೆದ ತಗ್ಗಿನಲ್ಲಿ ಮೈಮಟ್ಟಕ್ಕೆ ಕೂರಿಸುವುದು ತೆಹ್‌ನಿಶಾನ್. ತಗಡು ಮೈಯಿಂದ ತುಸು ಉಬ್ಬಿರುವಂತೆ ಮಾಡಿದರೆ ಜರ್‌ನಿಶಾನ್, ಇನ್ನೂ ಎತ್ತರಕ್ಕೆ ಎಬ್ಬಿಸಿದರೆ ಜರ್‌ಬುಲಂದ್. ಅಫ್ತಾಬಿಯಲ್ಲಿ ಲೆಕ್ಕಾಚಾರವೇ ತಿರುಗುಮುರುಗು: ಅಗಲವಾದ ಬೆಳ್ಳಿಯ ತಗಡಿನಲ್ಲಿ ಹೂಬಳ್ಳಿಗಳನ್ನು ಕತ್ತರಿಸಿ ತೆಗೆದು ಮೈಗೆ ಹೊದಿಸುವುದರಿಂದ ಬಿಳಿಯ ನೆಲದಲ್ಲಿ ಕಪ್ಪು ಚಿತ್ತಾರ ಮೂಡುತ್ತದೆ. ಯಾವ ವಿಧಾನವಾದರೂ ಬೆಳ್ಳಿ ಕೂತ ಮೇಲೆ ಇಡೀ ವಸ್ತುವಿಗೆ ಮತ್ತೆ ಅರ ಹಾಕಿ ಉಜ್ಜುತ್ತಾರೆ, ಮೈಲುತುತ್ತದ ಕಪ್ಪು ಪೂರ್ತಿ ಅಳಿದುಹೋಗುತ್ತದೆ. ಆಗ ಉಳಿಯುವುದು ಬಿಳಿಯ ಮೇಲೆ ಬಿಳಿ. ಸತುವಿನ ಹೊಳಪಿಗೂ ಬೆಳ್ಳಿಯ ಹೊಳಪಿಗೂ ವ್ಯತ್ಯಾಸ ತೀರಾ ಕಡಿಮೆಯಾದ್ದರಿಂದ, ಅಷ್ಟು ಹೊತ್ತು ಬಿಡಿಸಿದ ಚಿತ್ರ ಬಿಡಿಸಿದವರ ಕಣ್ಣಿಗೇ ಕಾಣದಾಗುತ್ತದೆ. ಕೈಕೆಲಸದ ಕಲೆಗಳಲ್ಲಿ ಇಂಥ ಘಟ್ಟ ಅಪರೂಪ. ಚಿತ್ರಕಾರ ಪ್ರತಿ ಬಳಿತದ ನಂತರವೂ ಚಿತ್ರವನ್ನು ನೋಡಿ ತಿದ್ದಬಲ್ಲ, ಬಿದರಿಯವರು ಕಪ್ಪು ಬಿಳಿಯ ನಿಜವಾದ ಸಮತೋಲ ಹೇಗೆ ಬಂದಿದೆಯೆಂದು ತಿಳಿಯುವ ಹೊತ್ತಿಗೆ ತಿದ್ದುವ ಅವಕಾಶವೆಲ್ಲ ಮುಗಿದಿರುತ್ತದೆ.

ಮಣ್ಣು ಬರುವುದು ಇಲ್ಲಿ. ಹದವಾಗಿ ಕಾಯಿಸಿದ ವಸ್ತುವಿಗೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಮತ್ತು ಕೋಟೆಯ ಮಣ್ಣನ್ನು ನೀರಿನಲ್ಲಿ ಕಲಸಿ ಹಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಮಿಶ್ರಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ, ತೊಳೆದು ಎಣ್ಣೆ ಸವರಿದರೆ ಕಪ್ಪು ಇನ್ನಷ್ಟು ಆಳವಾಗುತ್ತದೆ. ಮಿಶ್ರಣದ ಲವಣಗಳು ಮೇಲ್ಪದರದ ಸತುವನ್ನು ತಿಂದುಹಾಕಿ, ಉಳಿದ ತಾಮ್ರದ ಸಂಯುಕ್ತಗಳು ಕರಿಯ ಪದರವಾಗಿ ನಿಲ್ಲುತ್ತವೆ ಎಂಬುದು ಲೋಹಶಾಸ್ತ್ರದ ವಿವರಣೆ. ಸತುವಿಗೆ ಆ ಚೂರು ತಾಮ್ರ ಬೆರೆಸುವುದರ ಮರ್ಮವೂ ಇದೇ. ಕೆಲಸಗಾರರು ಮಣ್ಣನ್ನು ನಾಲಿಗೆಯ ಮೇಲಿಟ್ಟು ಪರೀಕ್ಷಿಸುತ್ತಾರೆ, ಆ ಪರೀಕ್ಷೆಯ ಹಿಂದಿರುವ ಅನುಭವ ಗೌರವಾರ್ಹ. ಆದರೆ ಈ ಮಣ್ಣಿಲ್ಲದೆ ಬಿದರಿಯೇ ಇಲ್ಲ ಎಂಬ ಮಾತು ಇತಿಹಾಸಕ್ಕೆ ಹೊಂದುವುದಿಲ್ಲ. ಲಖನೌ, ಮುರ್ಷಿದಾಬಾದ್ ಮತ್ತು ಬಿಹಾರದ ಪೂರ್ಣಿಯಾಗಳಲ್ಲಿಯೂ ಒಂದು ಕಾಲಕ್ಕೆ ಬಿದರಿ ತಯಾರಾಗುತ್ತಿತ್ತು, ಅಲ್ಲಿನವರು ಬೀದರ್ ಕೋಟೆಯನ್ನು ನೆಚ್ಚಿ ಕೂತಿರಲಿಲ್ಲ. ಪ್ರವಾಸಿಗರಿಗೆ ಹೇಳಲು ಮಣ್ಣಿನ ಕಥೆ ಅನುಕೂಲವಾಗಿದೆ, ಕಲೆಯ ಶ್ರೇಯಸ್ಸನ್ನು ಅದು ಕೈಯಿಂದ ಕಿತ್ತು ನೆಲಕ್ಕೆ ಕೊಟ್ಟುಬಿಡುತ್ತದೆ ಎಂಬುದೇ ಅದರ ಮೇಲಿನ ಆಕ್ಷೇಪ.

ಗೆರೆಯೇ ಮುಖ್ಯವೆಂಬ ಮಾತಿಗೆ ಹಳೆಯ ವಸ್ತುಗಳಿಗಿಂತ ಉತ್ತಮ ಸಾಕ್ಷ್ಯ ಬೇಕಿಲ್ಲ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿದಾಗ ಇರಾನಿನ ಕುಶಲಕರ್ಮಿಗಳೊಂದಿಗೆ ಈ ಕಲೆ ಬಂದಿತೆಂಬುದು ಪರಂಪರೆಯ ಹೇಳಿಕೆ. ಕೈಗೆ ಸಿಕ್ಕುವ ಹಳೆಯ ವಸ್ತುಗಳು ಮಾತ್ರ ಬಹುತೇಕ 17ನೆಯ ಶತಮಾನದಿಂದೀಚಿನವು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿಯೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಇವುಗಳ ಒಳ್ಳೆಯ ಸಂಗ್ರಹಗಳಿವೆ. ಆ ಕಾಲದ ಗುಂಡನೆಯ ಹುಕ್ಕಾ ತಳಗಳ ಮೇಲೆ ಸಾಲಾಗಿ ನಿಂತ ಹೂಗಿಡಗಳನ್ನು ಹತ್ತಿರದಿಂದ ನೋಡಿದರೆ ಮೊದಲು ಗಮನ ಸೆಳೆಯುವುದು ಬೆಳ್ಳಿಯಲ್ಲ, ಗಿಡ ಗಿಡದ ನಡುವೆ ಬಿಟ್ಟ ಕರಿಯ ತೆರಪು. ಒಂದು ಕಾಂಡ ನೆಟ್ಟಗೆ ಎದ್ದು, ತುದಿಯಲ್ಲಿ ಹೂವಿನ ಭಾರಕ್ಕೆ ತುಸು ಬಾಗಿ, ಎಲೆಯೊಂದು ತೆರಪಿನೊಳಕ್ಕೆ ಚಾಚಿ ಅಲ್ಲೇ ನಿಲ್ಲುತ್ತದೆ. ಬೆಳ್ಳಿಯನ್ನು ಎಲ್ಲಿ ಹಾಕಬಾರದು ಎಂಬ ತಿಳಿವಳಿಕೆ ಆ ಕೈಗೆ ಖಚಿತವಾಗಿತ್ತು. ಬೀದರ್ ಕೋಟೆಯೊಳಗಿನ ರಂಗೀನ್ ಮಹಲಿನ ಕಪ್ಪು ಶಿಲೆಯಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸದಲ್ಲಿಯೂ ಇದೇ ಸಂಯಮ ಕಾಣುತ್ತದೆ. ಎರಡರ ನಡುವೆ ನೇರ ಕೊಡುಕೊಳ್ಳುವಿಕೆ ಇತ್ತೆಂದು ಹೇಳಬೇಕಾದ ಅಗತ್ಯವಿಲ್ಲ, ಕಪ್ಪನ್ನು ಖಾಲಿಯೆಂದು ನೋಡದ ಕಣ್ಣು ಆ ಊರಿನಲ್ಲಿತ್ತು ಎಂದರೆ ಸಾಕು.

ಇಂದಿನ ಅಂಗಡಿಗಳಲ್ಲಿ ಸಿಗುವ ವಸ್ತುಗಳಲ್ಲಿ ಕುಂದಿರುವುದು ಈ ಕಣ್ಣು. ಕೀಲಿಗೊಂಚಲು, ಪೆನ್ನು ನಿಲ್ಲಿಸುವ ಡಬ್ಬಿ, ಕಿವಿಯೋಲೆ, ಸಮಾರಂಭಗಳಲ್ಲಿ ಕೊಡುವ ಸ್ಮರಣಿಕೆಗಳ ಮೇಲೆ ತಾರ್‌ಕಶಿಯೊಂದೇ ಮತ್ತೆ ಮತ್ತೆ ಬರುತ್ತದೆ. ತಗಡಿನ ಕೆಲಸಕ್ಕೆ ಬೆಳ್ಳಿಯೂ ಹೆಚ್ಚು, ಹೊತ್ತೂ ಹೆಚ್ಚು ಬೇಕಾದ್ದರಿಂದ ಅದು ಹಿಂದೆ ಸರಿದಿದೆ. ಸಣ್ಣ ವಸ್ತುವೆಂಬ ಕಾರಣಕ್ಕೆ ದೂರುವಂತಿಲ್ಲ, ಹಳಬರು ಮಾಡಿದ ಗುಂಡಿಗಳೂ ಪುಟ್ಟ ಡಬ್ಬಿಗಳೂ ಸುಂದರವಾಗಿಯೇ ಇವೆ. ತೊಂದರೆ ಇರುವುದು ಗತಿಯಲ್ಲಿ. ಎರಕ ಹೊಯ್ಯುವವರು, ಕೊರೆಯುವವರು, ಬೆಳ್ಳಿ ಕೂರಿಸುವವರು, ಕಪ್ಪು ಮಾಡುವವರು ಎಂದು ಕೆಲಸ ಹಂಚಿಹೋಗಿರುವ ಕಾರ್ಖಾನೆಯಲ್ಲಿ ಕೂಲಿಯನ್ನು ಬಿಡಿ ವಸ್ತುಗಳ ಲೆಕ್ಕದಲ್ಲಿ ಕಟ್ಟಿದಾಗ, ಯೋಚಿಸಿ ಗೀರುವ ಹೊತ್ತು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಆಗ ಕೈ ತನಗೆ ಪಾಠವಾಗಿರುವ ಬಳ್ಳಿಯನ್ನೇ ಎಳೆಯುತ್ತದೆ, ತೆರಪನ್ನು ಬಿಡುವ ಧೈರ್ಯಕ್ಕಿಂತ ಅದನ್ನು ತುಂಬಿಬಿಡುವ ಅಭ್ಯಾಸ ಸುಲಭವೆನಿಸುತ್ತದೆ. ಒತ್ತೊತ್ತಾಗಿ ತುಂಬಿದ್ದು ಹೆಚ್ಚು ಶ್ರಮದ್ದು, ಆದ್ದರಿಂದ ಹೆಚ್ಚು ಬೆಲೆಯದ್ದು ಎಂಬ ಕೊಳ್ಳುವವರ ನಂಬಿಕೆ ಈ ಅಭ್ಯಾಸಕ್ಕೆ ನೀರೆರೆಯುತ್ತಿದೆ.

ಕೈಕೆಲಸವೆಂದ ಮಾತ್ರಕ್ಕೆ ಮೆಚ್ಚಿಬಿಡುವ ಭಾವುಕತೆ ಇಲ್ಲಿ ನೆರವಿಗೆ ಬರುವುದಿಲ್ಲ. ಕೈಯಿಂದ ಮಾಡಿದ ಕೆಟ್ಟ ಗೆರೆ ಕೆಟ್ಟ ಗೆರೆಯೇ. ಒಂದೇ ಬಳ್ಳಿಯನ್ನು ಸಾವಿರ ಸಲ ಕೊರೆದ ಕೈ ಯಂತ್ರದಷ್ಟೇ ನಿರಾಸಕ್ತವಾಗಿರಬಲ್ಲದು. ಬಿದರಿಯನ್ನು ಹೊಗಳುವ ಪ್ರಚಾರಪತ್ರಗಳು ಶ್ರಮವನ್ನು ಗಂಟೆಗಳಲ್ಲಿ ಎಣಿಸುತ್ತವೆಯೇ ಹೊರತು ಆ ಗಂಟೆಗಳಲ್ಲಿ ಎಷ್ಟು ನೋಡುವುದಕ್ಕೆ ಹೋಯಿತು, ಎಷ್ಟು ಬಡಿಯುವುದಕ್ಕೆ ಹೋಯಿತು ಎಂದು ಕೇಳುವುದಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಹುಕ್ಕಾ, ಪಾನ್‌ದಾನ್, ಹೂಜಿಗಳನ್ನು ಕೇಳುವ ದರ್ಬಾರುಗಳು ಇಲ್ಲವಾದ ಮೇಲೆ ಕಾರ್ಖಾನೆಗಳ ಒಲೆ ಆರದಂತೆ ಕಾದದ್ದು ಇವೇ ಸಣ್ಣ ವಸ್ತುಗಳು. 2006ರಲ್ಲಿ ಬಿದರಿಗೆ ದೊರೆತ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಒಂದು ಪ್ರದೇಶದ ಉತ್ಪನ್ನದ ಹೆಸರನ್ನು ಬೇರೆಯವರು ಬಳಸದಂತೆ ತಡೆಯುವ ಕಾನೂನಿನ ರಕ್ಷಣೆ, ಊರಿನ ಹೆಸರನ್ನು ಕಾಯುತ್ತದೆ. ಗೆರೆಯ ಗುಣವನ್ನು ಕಾಯುವುದು ಅದರ ಕೆಲಸವೂ ಅಲ್ಲ, ಅದಕ್ಕೆ ಸಾಧ್ಯವೂ ಇಲ್ಲ. 2023ರಲ್ಲಿ ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಾಗ ಬಿದರಿಗೂ ಕರ್ತೃವಿದ್ದಾನೆ ಎಂಬುದು ನಾಡಿನ ಗಮನಕ್ಕೆ ಬಂದಿತು. ಆದರೂ ಮಾರಾಟಕ್ಕಿರುವ ಬಿದರಿ ವಸ್ತುಗಳ ಬುಡದಲ್ಲಿ ಅವನ್ನು ಗೀರಿದವರ ಹೆಸರು ಕಾಣುವುದು ಅಪರೂಪ. ಚಿತ್ರಕಲೆಯಲ್ಲಿ ಸಹಿಯಿಲ್ಲದ ಚಿತ್ರ ಅನುಮಾನಕ್ಕೆ ಎಡೆಮಾಡುವ ಈ ಕಾಲದಲ್ಲಿ ಬಿದರಿಯಲ್ಲಿ ಸಹಿಯಿಲ್ಲದಿರುವುದು ಯಾರಿಗೂ ವಿಚಿತ್ರವೆನಿಸಿಲ್ಲ.

ಬಿದರಿಯ ತಂತ್ರ ಇಂದಿಗೂ ಗಟ್ಟಿಯಾಗಿದೆ, ಕಪ್ಪು ಅಂದಿನಂತೆಯೇ ಕಪ್ಪಾಗಿ ಬರುತ್ತಿದೆ. ಬಡವಾಗಿರುವುದು ವಿನ್ಯಾಸ. ಅದನ್ನು ಸರಿಪಡಿಸಬೇಕಾದರೆ ಗೀರುವ ಕೆಲಸಕ್ಕೆ ಕೊರೆಯುವ ಕೂಲಿಯಿಂದ ಬೇರೆಯಾಗಿ ಹಣ ಕೊಡುವ, ಗೀರಿದವರ ಹೆಸರನ್ನು ವಸ್ತುವಿನ ಬುಡದಲ್ಲಿ ಕೊರೆಸುವ ಪದ್ಧತಿ ಬರಬೇಕು. ಸಗಟಾಗಿ ಖರೀದಿಸುವ ಸರ್ಕಾರಿ ಇಲಾಖೆಗಳು ಮನಸ್ಸು ಮಾಡಿದರೆ ತಮ್ಮ ಮುಂದಿನ ಸ್ಮರಣಿಕೆಗಳ ಬೇಡಿಕೆಪತ್ರದಲ್ಲಿಯೇ ಈ ಷರತ್ತನ್ನು ಸೇರಿಸಬಹುದು. ಬಿಡಿಯಾಗಿ ಕೊಳ್ಳುವವರು ಕಪ್ಪು ಎಷ್ಟು ಗಾಢವಾಗಿದೆ ಎಂದು ನೋಡುವುದನ್ನು ಬಿಟ್ಟು, ವಸ್ತುವನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಳ್ಳಿಯ ತಿರುವುಗಳಲ್ಲಿ ತಂತಿ ತುಂಡಾಗಿದೆಯೇ, ಎರಡು ಹೂಗಳ ನಡುವೆ ತೆರಪು ಉಳಿದಿದೆಯೇ ಎಂದು ನೋಡಲಿ, ಇದನ್ನು ಗೀರಿದವರು ಯಾರು ಎಂದು ಅಂಗಡಿಯವರನ್ನು ಕೇಳಲಿ.